ನೆಲದ ನಕಾಶೆಗೆ ನೆಲದವರೇ ಸಾಕ್ಷಿ

ಎರಡು ಹೊಲಗಳ ನಡುವಿನ ಗಡಿ ಎಲ್ಲಿದೆ ಎಂಬ ತಕರಾರು ಬಂದರೆ ಯಾರ ಮಾತನ್ನು ಕೇಳಬೇಕು? ಸುಮಾರು ಒಂಬತ್ತು ಶತಮಾನಗಳ ಹಿಂದೆ ಈ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿದವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಆಳ್ವಿಕೆಯಲ್ಲಿ ‘ಮಿತಾಕ್ಷರ’ವನ್ನು ಬರೆದ ಈ ಧರ್ಮಶಾಸ್ತ್ರಜ್ಞನ ಊರು ಈಗಿನ ಕಲಬುರಗಿ ಜಿಲ್ಲೆಯ ಮರ್ತೂರು ಎಂದು ಹೇಳಲಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವಾದ ಈ ಗ್ರಂಥದಲ್ಲಿ ಗಡಿಯ ವ್ಯಾಜ್ಯಕ್ಕೆಂದೇ ಒಂದು ಪ್ರಕರಣವಿದೆ. ಅಕ್ಕಪಕ್ಕದ ಹೊಲದವರು, ಊರಿನ ಹಿರಿಯರು, ದನ ಕಾಯುವವರು, ಗಡಿಯಂಚಿನಲ್ಲಿ ಉಳುವವರು, ಕಾಡಿನಲ್ಲಿ ತಿರುಗುವವರು ಗಡಿಯನ್ನು ತೋರಿಸಿಕೊಡಬೇಕು ಎಂಬುದು ಅಲ್ಲಿನ ವಿಧಿ. ದಿಬ್ಬ, ನೆಲದಲ್ಲಿ ಹೂತ ಇದ್ದಿಲು, ಹೊಟ್ಟು, ಮರ, ಒಡ್ಡು, ಹುತ್ತ, ತಗ್ಗು ಇವೇ ಗುರುತುಗಳು.

ಅದೇ ಜಿಲ್ಲೆಯ ಆಳಂದ ತಾಲ್ಲೂಕಿನ ನರೋಣಾ ಹೋಬಳಿಯ ಹೊಲಗಳಿಗೆ ಇಂದು ಬೇರೆ ಸಾಕ್ಷಿಗಳು ಬಂದಿವೆ. ನೂರಾರು ಕಿಲೊಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಹೊಲದ ಚಿತ್ರ ತೆಗೆಯುತ್ತದೆ. ಬೆಂಗಳೂರಿನ ಗಣಕಯಂತ್ರ ಅದಕ್ಕೆ ಸರ್ವೆ ನಂಬರಿನ ಗೆರೆಗಳನ್ನು ಹೊಂದಿಸುತ್ತದೆ. ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ಯಾವ ಬೆಳೆ ಬರುತ್ತದೆ, ಯಾವುದು ಬಾರದು ಎಂದು ತೀರ್ಮಾನಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ಬದುವಿನ ಮೇಲೆ ನಿಂತ ರೈತನ ಸಾಕ್ಷಿಗೆ ಬೆಲೆ ಉಳಿದಿದೆಯೇ? ಕರ್ನಾಟಕದಲ್ಲಿ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಕೈಜೋಡಿಸಿ ನಡೆಸಿರುವ ಭೂಮಾಹಿತಿ ಕಾರ್ಯದ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಕೋಲು, ಕಲ್ಲು, ಸರಪಳಿ

ಹೊಲವನ್ನು ಅಳೆಯುವ ಕೆಲಸ ಈ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಎಣಿಸಿರುವುದನ್ನು ಕಾಣಬಹುದು. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾಗುತ್ತಿದ್ದುದರಿಂದ ಯಾವ ಕೋಲಿನಲ್ಲಿ ಅಳೆದ ಮತ್ತರು ಎಂಬುದನ್ನೂ ಶಾಸನಗಳು ಹೇಳುವುದುಂಟು. ಮೂಡಲಿಗೆ ಹಳ್ಳ, ತೆಂಕಲಿಗೆ ಹಿರಿಯ ದಾರಿ ಎಂಬಂತೆ ನಾಲ್ಕು ದಿಕ್ಕಿನ ಎಲ್ಲೆಗಳನ್ನು ವರ್ಣಿಸಿ, ಎಲ್ಲೆಗಳಲ್ಲಿ ಕಲ್ಲು ನೆಡುತ್ತಿದ್ದರು. ಅಂದರೆ ನಕಾಶೆ ಇದ್ದದ್ದು ಮಾತಿನಲ್ಲಿ ಮತ್ತು ಕಲ್ಲಿನಲ್ಲಿ. ಅದನ್ನು ಓದಲು ಊರಿನವರಿಗೆ ಯಾರ ನೆರವೂ ಬೇಕಿರಲಿಲ್ಲ.

ಕಾಗದದ ನಕಾಶೆ ಬಂದದ್ದು ಸೈನ್ಯ ಮತ್ತು ಕಂದಾಯದ ಜೊತೆಗೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನಮಿತಿ ಮೋಜಣಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತ 1815ರಲ್ಲಿ ಬೀದರ ಸಮೀಪ ಒಂದು ಆಧಾರರೇಖೆಯನ್ನು ಅಳೆಯಿತು. ಲ್ಯಾಂಬ್ಟನ್‌ಗೆ ಸಹಾಯಕನಾಗಿ ಹೈದರಾಬಾದಿಗೆ ಬಂದ ಜಾರ್ಜ್ ಎವರೆಸ್ಟ್ ಕೃಷ್ಣಾ ಮತ್ತು ಗೋದಾವರಿ ನದಿಗಳ ನಡುವಿನ ಸೀಮೆಯಲ್ಲೇ ತನ್ನ ಮೊದಲ ಪಾಠಗಳನ್ನು ಕಲಿತ. ಭೂಮಿಯ ಆಕಾರವನ್ನೇ ಅಳೆಯುವ ಮಹತ್ತ್ವಾಕಾಂಕ್ಷೆ ಅವರದು. ಆದರೆ ಅವರ ದೃಷ್ಟಿ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಹಾಯುತ್ತಿತ್ತು; ನಡುವಿನ ಹೊಲಗಳು ಅವರ ಲೆಕ್ಕದಲ್ಲಿರಲಿಲ್ಲ.

ಹೊಲಗಳು ಲೆಕ್ಕಕ್ಕೆ ಬಂದದ್ದು ಕಂದಾಯ ಮೋಜಣಿಯಿಂದ. ಮುಂಬಯಿ ಪ್ರಾಂತದಲ್ಲಿ 1830ರ ದಶಕದಲ್ಲಿ ರೂಪುಗೊಂಡ ಪದ್ಧತಿಯನ್ನು ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ, 1870ರ ದಶಕದಲ್ಲಿ, ನಿಜಾಮ ರಾಜ್ಯವೂ ಅನುಸರಿಸಿತು. ಮೂವತ್ಮೂರು ಅಡಿಯ ಸರಪಳಿ, ಅದರಲ್ಲಿ ಹದಿನಾರು ಆಣೆ; ಮೂವತ್ಮೂರು ಅಡಿ ಉದ್ದ, ಅಷ್ಟೇ ಅಗಲದ ತುಂಡು ಒಂದು ಗುಂಟೆ; ನಲವತ್ತು ಗುಂಟೆ ಒಂದು ಎಕರೆ. ಇಂದಿಗೂ ನರೋಣಾದ ರೈತ ತನ್ನ ಹೊಲವನ್ನು ಹೇಳುವುದು ಈ ಲೆಕ್ಕದಲ್ಲೇ. ನಿಜಾಮ ರಾಜ್ಯದ ಜಹಗೀರುಗಳು 1949ರಲ್ಲಿ ರದ್ದಾದವು. 1954-55ರ ‘ಖಾಸರಾ ಪಹಣಿ’ಯಲ್ಲಿ ಉಳುಮೆಯ ಹಕ್ಕುಗಳು ದಾಖಲಾದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲಬರ್ಗಾ ಜಿಲ್ಲೆ ತನ್ನ ನಕಾಶೆ, ದಾಖಲೆಗಳ ಸಮೇತ ಮೈಸೂರು ರಾಜ್ಯಕ್ಕೆ ಸೇರಿತು.

ಈ ನಕಾಶೆಗಳು ಒಂದು ಪ್ರಶ್ನೆಗೆ ಮಾತ್ರ ಉತ್ತರಿಸುತ್ತಿದ್ದವು: ಯಾರು ಎಷ್ಟು ತೆರಿಗೆ ಕೊಡಬೇಕು? ಹೊಲದಲ್ಲಿ ಮಣ್ಣು ಎಷ್ಟು ಆಳ, ಮಳೆ ನಿಂತ ಮೇಲೆ ತೇವ ಎಷ್ಟು ದಿನ ಉಳಿಯುತ್ತದೆ, ನೀರು ಯಾವ ಕಡೆ ಹರಿಯುತ್ತದೆ ಎಂಬ ವಿಷಯಗಳು ರೈತನ ತಲೆಯಲ್ಲೇ ಉಳಿದವು. ನಕಾಶೆ ಇದ್ದದ್ದು ಕಚೇರಿಯ ಕಪಾಟಿನಲ್ಲಿ.

ಆಕಾಶದಿಂದ ಕಂಡ ನೆಲ

ಮೇಲಿನಿಂದ ನೆಲವನ್ನು ಓದುವ ವಿದ್ಯೆಗೆ ಭಾರತದಲ್ಲಿ ಶಾಲೆ ಆರಂಭವಾದದ್ದು 1966ರಲ್ಲಿ. ಡೆಹರಾಡೂನಿನಲ್ಲಿ, ಹಾಲೆಂಡಿನ ಸಹಕಾರದೊಂದಿಗೆ, ವಿಮಾನದಿಂದ ತೆಗೆದ ಚಿತ್ರಗಳ ಅಧ್ಯಯನಕ್ಕೆ ಒಂದು ಸಂಸ್ಥೆ ಸ್ಥಾಪನೆಯಾಯಿತು. ಇಂದಿನ ಭಾರತೀಯ ದೂರಸಂವೇದಿ ಸಂಸ್ಥೆ ಅದರ ಮುಂದುವರಿಕೆ. ಮರುವರ್ಷ, 1967ರಲ್ಲಿ, ಸರ್ವೆ ಆಫ್ ಇಂಡಿಯಾ ಹೈದರಾಬಾದಿನ ಉಪ್ಪಳದಲ್ಲಿ ತರಬೇತಿ ಕೇಂದ್ರ ತೆರೆಯಿತು. 1970ರ ಸುಮಾರಿಗೆ ಪಿ.ಆರ್. ಪಿಷಾರಟಿ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ರೋಗ ತಗುಲಿದ ಮರಗಳನ್ನು ಗುರುತಿಸಿತು. ದೇಶದಲ್ಲಿ ದೂರಸಂವೇದಿಯ ಮೊದಲ ಪ್ರಯೋಗ ಅದು. 1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಬಂತು. 1988ರ ಮಾರ್ಚ್ 17ರಂದು ದೇಶದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಸೋವಿಯತ್ ನೆಲದಿಂದ ಕಕ್ಷೆಗೇರಿತು.

ಕರ್ನಾಟಕ ಹಿಂದೆ ಬೀಳಲಿಲ್ಲ. ಇಂದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಎನಿಸಿರುವ ಸಂಸ್ಥೆ 1986ರಲ್ಲೇ ಬೆಂಗಳೂರಿನಲ್ಲಿ ಆರಂಭವಾಯಿತು. ಬರ ಪರಿಸ್ಥಿತಿಯ ಮೇಲೆ ನಿಗಾ ಇಡಲು 1988ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕೋಶವನ್ನೇ ರಚಿಸಿತು. ಮುಂದೆ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ವರದಿ ಕಳಿಸುವ ಮಳೆಮಾಪಕಗಳನ್ನೂ ಸ್ಥಾಪಿಸಿತು. ತಾಲ್ಲೂಕಿಗೊಂದು ಮಳೆಯ ಲೆಕ್ಕವಿದ್ದ ಕಾಲದಲ್ಲಿ ಆಳಂದ ಪಟ್ಟಣದಲ್ಲಿ ಸುರಿದ ಮಳೆ ನರೋಣಾದ ಪಾಲಿಗೂ ಬರೆಯಲ್ಪಡುತ್ತಿತ್ತು. ಬೆಳೆ ವಿಮೆ, ಬರ ಪರಿಹಾರಗಳ ಕಾಲದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಆರಂಭದ ಉಪಗ್ರಹಗಳ ಕಣ್ಣು ಮಂದವಾಗಿತ್ತು. ಐಆರ್‌ಎಸ್-1ಎ ಹೊತ್ತಿದ್ದ ಕ್ಯಾಮೆರಾಗಳಲ್ಲಿ ಸೂಕ್ಷ್ಮವಾದದ್ದರ ಚಿತ್ರದಲ್ಲೂ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು 36 ಮೀಟರ್ ಚೌಕ, ಅಂದರೆ ಹದಿಮೂರು ಗುಂಟೆ. ಎರಡು ಎಕರೆಯ ಹೊಲ ಆರೇಳು ಚುಕ್ಕಿಯಲ್ಲಿ ಮುಗಿದುಹೋಗುತ್ತಿತ್ತು. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ರಿಂದ ಪರಿಸ್ಥಿತಿ ಬದಲಾಯಿತು. ಅದರ ಚುಕ್ಕಿ 2.5 ಮೀಟರ್. ಒಂದು ಗುಂಟೆಯಲ್ಲಿ ಹದಿನಾರು ಚುಕ್ಕಿಗಳು ಹಿಡಿಯುತ್ತವೆ. ಹಳೆಯ ಸರಪಳಿಯ ಹದಿನಾರು ಆಣೆ ನೆನಪಾಗುವ ಲೆಕ್ಕ! ಬದು, ಬಾವಿ, ಒಂಟಿ ಮರಗಳೂ ಈಗ ಕಾಣತೊಡಗಿದವು.

ಪಾಠ ಹೇಳುವವರು ಯಾರು?

ಚಿತ್ರ ಸಿಕ್ಕರೆ ಸಾಲದು, ಅದನ್ನು ಓದಬಲ್ಲವರು ಬೇಕು. ಬಹುಕಾಲ ಈ ವಿದ್ಯೆ ಸರ್ಕಾರಿ ಇಲಾಖೆಗಳ ಒಳಗೇ ಇತ್ತು. ನಕಾಶೆಗಳಿಗೆ ರಕ್ಷಣೆಯ ಕಾರಣದಿಂದ ನಿರ್ಬಂಧಗಳಿದ್ದವು. ಕಾಲೇಜಿನ ಭೂಗೋಳದ ಅಧ್ಯಾಪಕನಿಗೆ ಒಳ್ಳೆಯ ನಕಾಶೆ ದೊರೆಯುವುದೇ ಕಷ್ಟವಾಗಿತ್ತು. 2005ರ ರಾಷ್ಟ್ರೀಯ ನಕಾಶೆ ನೀತಿ ಬಾಗಿಲನ್ನು ಸ್ವಲ್ಪ ತೆರೆಯಿತು. 2021ರ ಫೆಬ್ರುವರಿ 15ರ ಮಾರ್ಗಸೂಚಿ ಮತ್ತು 2022ರ ಡಿಸೆಂಬರಿನ ರಾಷ್ಟ್ರೀಯ ನೀತಿ ಅದನ್ನು ಇನ್ನಷ್ಟು ಅಗಲಗೊಳಿಸಿದವು. ಈಗ ದೇಶದ ಸಂಸ್ಥೆಗಳು ನಕಾಶೆ ತಯಾರಿಸಲು ಮುಂಚಿತವಾಗಿ ಅನುಮತಿ ಕೇಳಬೇಕಾಗಿಲ್ಲ.

ಶಿಕ್ಷಣದಲ್ಲೂ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಹತ್ತಿರ ಬಂದವು. ಡೆಹರಾಡೂನಿನ ಸಂಸ್ಥೆ 2007ರಲ್ಲಿ ಎಜುಸ್ಯಾಟ್ ಉಪಗ್ರಹದ ಮೂಲಕ ಹನ್ನೆರಡು ಸಂಸ್ಥೆಗಳಿಗೆ ದೂರಪಾಠ ಆರಂಭಿಸಿತು. ನಂತರ ಅಂತರ್ಜಾಲದ ಮೂಲಕ ಅದು ದೇಶದ ಕಾಲೇಜುಗಳಿಗೆ ಹರಡಿತು. ಕರ್ನಾಟಕದಲ್ಲಿ ರಾಜ್ಯ ದೂರಸಂವೇದಿ ಕೇಂದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದೊಂದಿಗೆ ಸೇರಿ ಮೈಸೂರಿನಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡಿತು. ಇಲಾಖೆಯ ಕಚೇರಿಯೇ ತರಗತಿಯಾದ ಉದಾಹರಣೆ ಇದು.

ಕಲಬುರಗಿಯ ಮಟ್ಟಿಗೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಮೊದಲ ಮೆಟ್ಟಿಲು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2008-09ರಲ್ಲಿ ರೂಪ ತಳೆಯಿತು. 2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಇರುವುದಂತೂ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಭೂಗೋಳ, ಭೂವಿಜ್ಞಾನ ವಿಭಾಗಗಳಿರುವ ವಿಶ್ವವಿದ್ಯಾಲಯವೊಂದು ತೊಗರಿ ಹೊಲಗಳ ನಡುವೆ ನಿಂತಿದೆ. ನರೋಣಾದ ಹುಡುಗನೊಬ್ಬ ಉಪಗ್ರಹ ಚಿತ್ರ ಓದುವುದನ್ನು ಕಲಿಯಲು ಡೆಹರಾಡೂನಿಗೇ ಹೋಗಬೇಕು ಎಂಬ ಸ್ಥಿತಿ ಇಂದು ಇಲ್ಲ.

ಸುಜಲದ ಕಥೆ

ಸರ್ಕಾರ ಮತ್ತು ವಿಶ್ವವಿದ್ಯಾಲಯಗಳ ಸಹಯೋಗ ಹೊಲದ ಮಟ್ಟಕ್ಕೆ ಇಳಿದದ್ದು ‘ಸುಜಲ’ ಯೋಜನೆಯಲ್ಲಿ. ವಿಶ್ವಬ್ಯಾಂಕಿನ ನೆರವಿನ ಈ ಜಲಾನಯನ ಯೋಜನೆ 2001ರ ಹೊತ್ತಿಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಆರಂಭವಾಯಿತು. ಕಾಮಗಾರಿಗಳ ಮೌಲ್ಯಮಾಪನಕ್ಕೆ ಇಸ್ರೊದ ಅಂಗಸಂಸ್ಥೆ ಆಂಟ್ರಿಕ್ಸ್ ಉಪಗ್ರಹ ಚಿತ್ರಗಳನ್ನು ಬಳಸಿತು. ಕೆಲಸವಾದ ಮೇಲೆ ಹಸಿರು ಎಷ್ಟು ಹೆಚ್ಚಿತು ಎಂಬುದನ್ನು ಕಡತದ ಬದಲು ಚಿತ್ರದಲ್ಲಿ ನೋಡುವುದು ಆಗ ಹೊಸ ಸಂಗತಿ.

2009ರಲ್ಲಿ ಇನ್ನೊಂದು ಹೆಜ್ಜೆ ಬಿತ್ತು. ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾಲಯಗಳೊಂದಿಗೆ ಸರ್ಕಾರ ಕೈಗೊಂಡ ‘ಭೂಚೇತನ’ ಕಾರ್ಯಕ್ರಮದಲ್ಲಿ ರಾಜ್ಯದ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿ ನಕಾಶೆಗೆ ಇಳಿಸಲಾಯಿತು. ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದು ಆಗ ಎದ್ದು ಕಂಡಿತು.

ಆದರೆ ನಿಜವಾದ ತಿರುವು 2012ರಲ್ಲಿ ಮಂಜೂರಾಗಿ 2019ರವರೆಗೆ ನಡೆದ ಸುಜಲ ಮೂರನೆಯ ಹಂತ. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ಕೊಪ್ಪಳ ಸೇರಿ ಹನ್ನೊಂದು ಜಿಲ್ಲೆಗಳು ಇದರ ವ್ಯಾಪ್ತಿಗೆ ಬಂದವು. ಜಲಾನಯನ ಇಲಾಖೆ ಮುಂದಾಳತ್ವ ವಹಿಸಿತು. ರಾಜ್ಯ ದೂರಸಂವೇದಿ ಕೇಂದ್ರ ಹೊಲದ ಗಡಿಗಳನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಿಕೊಟ್ಟಿತು. ಮಣ್ಣಿನ ಕೆಲಸ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಕೇಂದ್ರ ಹಾಗೂ ರಾಜ್ಯದ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ ಪಾಲಿಗೆ ಬಂತು. ನೀರಿನ ಲೆಕ್ಕಾಚಾರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿತು.

ಇದರ ಮಹತ್ವ ತಿಳಿಯಲು ಪ್ರಮಾಣದ ಲೆಕ್ಕವನ್ನು ಗಮನಿಸಬೇಕು. ಅದಕ್ಕೆ ಮೊದಲು ರಾಜ್ಯದ ಮಣ್ಣಿನ ಸಮೀಕ್ಷೆ ನಡೆದಿದ್ದುದು 2,50,000ಕ್ಕೆ ಒಂದು ಪ್ರಮಾಣದಲ್ಲಿ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಎರಡೂವರೆ ಕಿಲೊಮೀಟರ್. ಸುಮಾರು 500 ಹೆಕ್ಟೇರಿನ ಒಂದು ಕಿರು ಜಲಾನಯನ ಪ್ರದೇಶ ಒಂದು ಬೆರಳ ತುದಿಯ ಕೆಳಗೆ ಮುಚ್ಚಿಹೋಗುತ್ತಿತ್ತು. ಸುಜಲದ ನಕಾಶೆಯ ಪ್ರಮಾಣ 7,920ಕ್ಕೆ ಒಂದು. ಹಳೆಯ ಹಳ್ಳಿ ನಕಾಶೆಗಳ ‘ಮೈಲಿಗೆ ಎಂಟಂಗುಲ’ದ ಲೆಕ್ಕವೇ ಇದು. ಇಲ್ಲಿ ಒಂದು ಚದರ ಅಂಗುಲ ಎಂದರೆ ಸರಿಯಾಗಿ ಹತ್ತು ಎಕರೆ. ಕಂದಾಯಕ್ಕೆಂದು ಹುಟ್ಟಿದ ಅಳತೆಯ ಮೇಲೆ, ಒಂದೂವರೆ ಶತಮಾನದ ನಂತರ, ಮಣ್ಣಿನ ವಿವರ ಕೂತಿತು.

ಕೆಲಸ ನಡೆದದ್ದು ಗಣಕಯಂತ್ರದ ಮುಂದೆ ಮಾತ್ರವಲ್ಲ. ಎತ್ತರದ ಮಡ್ಡಿಯಿಂದ ಹಳ್ಳದ ಅಂಚಿನವರೆಗೆ ಸಾಲಾಗಿ ಗುಂಡಿ ತೋಡಿ, ಎರಡು ಮೀಟರ್ ಅಥವಾ ಕಲ್ಲು ಸಿಗುವವರೆಗೆ ಇಳಿದು, ಪದರ ಪದರವಾಗಿ ಮಣ್ಣನ್ನು ಪರೀಕ್ಷಿಸಬೇಕಿತ್ತು. ಫಲವತ್ತತೆ ತಿಳಿಯಲು 320 ಮೀಟರಿಗೊಂದರಂತೆ ಮಾದರಿ ತೆಗೆಯಲಾಯಿತು. ಹನ್ನೊಂದು ಜಿಲ್ಲೆಗಳ ಸುಮಾರು 2,500 ಕಿರು ಜಲಾನಯನಗಳಲ್ಲಿ ಈ ಸಮೀಕ್ಷೆ ನಡೆಯಿತು. ಆ ಮಾಹಿತಿಯನ್ನು ರೈತರಿಗೆ ಕಾರ್ಡುಗಳ ರೂಪದಲ್ಲಿ ವಿತರಿಸಲಾಯಿತು; ಯೋಜಕರಿಗಾಗಿ ಗಣಕಯಂತ್ರದ ಗ್ರಂಥಾಲಯವೂ ಸಿದ್ಧವಾಯಿತು. ಮುಂದೆ ‘ರಿವಾರ್ಡ್’ ಕಾರ್ಯಕ್ರಮದಡಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜಲಾನಯನ ನಿರ್ವಹಣೆಗೆ ಪ್ರತ್ಯೇಕ ಉತ್ಕೃಷ್ಟತಾ ಕೇಂದ್ರ ಬಂದು, ಬೇರೆ ರಾಜ್ಯಗಳವರೂ ಈ ವಿಧಾನ ಕಲಿಯುವಂತಾಯಿತು.

ಗೇಣು ಮಣ್ಣಿನ ಲೆಕ್ಕ

ಮಣ್ಣಿನ ಆಳ ತಿಳಿದರೆ ಏನು ಲಾಭ ಎಂದು ಕೇಳಬಹುದು. ಆಳಂದ ಭಾಗದ ನೆಲದ ಕೆಳಗಿರುವುದು ಲಾವಾದಿಂದಾದ ಕಪ್ಪು ಬಸಾಲ್ಟ್ ಶಿಲೆ. ಅದು ಸವೆದು ಎರೆಮಣ್ಣಾಗಿದೆ. ಹಳ್ಳದ ಬದಿಯಲ್ಲಿ ಆಳಾಳಿಗೂ ಎರೆ. ಮಡ್ಡಿಯ ಮೇಲೆ ಗೇಣು ತೋಡಿದರೆ ಕಲ್ಲು. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ಒದಗುವ 150ರಿಂದ 200 ಮಿಲಿಮೀಟರಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಒಂದು ಗೇಣಿನ ಮಣ್ಣು ಹಿಡಿಯುವುದು ಅದರ ಕಾಲುಭಾಗ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ಮಳೆ ನಿಂತ ಮೇಲೆ ಹೂ, ಕಾಯಿಯ ಕಾಲದಲ್ಲಿ ಬೆಳೆ ಬದುಕುವುದು ಮಣ್ಣಿನಲ್ಲಿ ಉಳಿದ ತೇವದ ಮೇಲೆ. ಹೀಗಾಗಿ ಒಂದೇ ಊರಿನ, ಒಂದೇ ಮಳೆಯ ಎರಡು ಹೊಲಗಳಲ್ಲಿ ಒಂದು ತುಂಬಿ ನಿಲ್ಲುತ್ತದೆ, ಇನ್ನೊಂದು ಒಣಗುತ್ತದೆ.

ಎಲ್ಲಿ ಬದು ಹಾಕಬೇಕು, ಎಲ್ಲಿ ಕೃಷಿ ಹೊಂಡ ನಿಲ್ಲುತ್ತದೆ, ಯಾವ ಹೊಲಕ್ಕೆ ತೊಗರಿಗಿಂತ ಬೇರೆ ಬೆಳೆ ಕ್ಷೇಮ ಎಂಬುದನ್ನು ನಕಾಶೆ ಮುಂಚಿತವಾಗಿ ಹೇಳಬಲ್ಲದು. ಎಲ್ಲ ಹೊಲಕ್ಕೂ ಒಂದೇ ಬಗೆಯ ಬದು, ಒಂದೇ ಪ್ರಮಾಣದ ಗೊಬ್ಬರ ಎಂಬ ಹಳೆಯ ರೂಢಿಗೆ ಇದು ಉತ್ತರ. ‘ಗುಲಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಣ್ಣಿಗೂ ಬೆಳೆಗೂ ಇರುವ ಸಂಬಂಧಕ್ಕೆ ಕಾನೂನಿನ ಮುದ್ರೆಯೂ ಬಿದ್ದಂತಾಗಿದೆ.

ಉಪಗ್ರಹ ಕಾಣದ್ದು

ಆದರೆ ಉಪಗ್ರಹಕ್ಕೂ ಮಿತಿಗಳಿವೆ. ಹೆಸರು, ಉದ್ದು ಕಟಾವಾದ ಮೇಲೂ ತೊಗರಿ ಹಸಿರಾಗಿರುವುದರಿಂದ ಅಕ್ಟೋಬರ್ ನಂತರದ ಚಿತ್ರದಲ್ಲಿ ಅದನ್ನು ಗುರುತಿಸುವುದು ಸುಲಭ. ಆದರೆ ತೊಗರಿಯ ನಡುವೆ ಅಕ್ಕಡಿ ಹಾಕಿದ್ದರೆ ಚಿತ್ರ ಗೊಂದಲಕ್ಕೀಡಾಗುತ್ತದೆ. ಮುಂಗಾರಿನ ಮೋಡ ವಾರಗಟ್ಟಲೆ ಕಣ್ಣು ಮುಚ್ಚುತ್ತದೆ. 2022-23ರಲ್ಲಿ ಕಲಬುರಗಿಯ ತೊಗರಿಗೆ ನೆಟೆ ರೋಗ ಬಡಿದಾಗ ಅದರ ಸುಳಿವು ಮೊದಲು ಸಿಕ್ಕಿದ್ದು ಹೊಲದಲ್ಲಿ ನಿಂತವರಿಗೆ. ಬೇರಿನಲ್ಲಿ ಶುರುವಾದ ರೋಗ ಎಲೆ ಬಾಡಿದ ಮೇಲಷ್ಟೇ ಆಕಾಶಕ್ಕೆ ಕಾಣುತ್ತದೆ.

ದಾಖಲೆಯ ಕಡೆಯಲ್ಲೂ ತೊಡಕುಗಳಿವೆ. ‘ಭೂಮಿ’ ಯೋಜನೆಯಡಿ 2001ರ ಹೊತ್ತಿಗೆ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಆದರೆ ಸೇರಿದ್ದು ಅಕ್ಷರ, ನಕಾಶೆಯಲ್ಲ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುವ ‘ದಿಶಾಂಕ್’ ಬಂದದ್ದು 2018ರಲ್ಲಿ. ಹಳೆಯ ನಕಾಶೆಯ ಕಾಗದ ಕುಗ್ಗಿರುತ್ತದೆ, ಹಿಗ್ಗಿರುತ್ತದೆ. ಉಪಗ್ರಹ ಚಿತ್ರದ ಮೇಲೆ ಅದನ್ನು ಹೊಂದಿಸಿದಾಗ ಗೆರೆ ಬದುವಿನಿಂದ ಕೆಲವು ಮೀಟರ್ ಸರಿಯುವುದುಂಟು. ಮಿತಾಕ್ಷರದ ದಾಯಭಾಗದಂತೆ ಅಣ್ಣತಮ್ಮಂದಿರು ಪಾಲಾದರೂ ಪೋಡಿಯಾಗದೆ ನಕಾಶೆಯಲ್ಲಿ ಒಂದೇ ಹೊಲವಾಗಿ ಉಳಿದಿರುವುದೂ ಉಂಟು. ಬೆಳೆ ಸಮೀಕ್ಷೆಯಲ್ಲಿ ಒಬ್ಬರ ತೊಗರಿ ಇನ್ನೊಬ್ಬರ ಹೆಸರಿಗೆ, ಅಥವಾ ತೊಗರಿ ಬದಲು ಹತ್ತಿ ಎಂದು ದಾಖಲಾದರೆ ವಿಮೆಯ ಹಣಕ್ಕೆ ಕುತ್ತು. ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸುವ ವ್ಯವಸ್ಥೆಯನ್ನು ಸರ್ಕಾರ 2020ರಲ್ಲಿ ತಂದದ್ದು ಈ ದೃಷ್ಟಿಯಿಂದ ಗಮನಾರ್ಹ. ಸಾಕ್ಷಿಯ ಸ್ಥಾನ ಮತ್ತೆ ಉಳುವವನಿಗೆ ಬಂದಂತಾಯಿತು.

ವಿಜ್ಞಾನಿಗಳು ಉಪಗ್ರಹ ಚಿತ್ರವನ್ನು ನೆಲದ ಮೇಲೆ ಹೋಗಿ ಪರಿಶೀಲಿಸದೆ ನಂಬುವುದಿಲ್ಲ. ಇದು ಈ ವಿದ್ಯೆಯ ಮೊದಲ ಪಾಠ. ಎಂದಾದರೆ, ನೆಲವನ್ನು ಬಲ್ಲವನು ಪಾಠದ ಭಾಗವಾಗಬೇಕು. ಮಡ್ಡಿ, ಮಸಬು, ಎರೆ, ಕರಲು ಎಂದು ಈ ಭಾಗದ ರೈತರು ಮಣ್ಣನ್ನು ವಿಂಗಡಿಸುವ ಮಾತುಗಳ ಹಿಂದೆ ತಲೆಮಾರುಗಳ ಸಮೀಕ್ಷೆಯಿದೆ. ಕಿರು ಜಲಾನಯನಗಳ ಅಟ್ಲಾಸುಗಳಾದರೋ ಇಂಗ್ಲಿಷಿನಲ್ಲಿವೆ. ಅಲ್ಲಿ ಬಣ್ಣಬಣ್ಣದಲ್ಲಿ ಮುದ್ರಿತವಾಗಿರುವ ಮಣ್ಣಿನ ವರ್ಗಗಳ ಹೆಸರು ಆ ಮಣ್ಣಿನ ಒಡೆಯನಿಗೆ ತಿಳಿಯುವುದಿಲ್ಲ. ಯೋಜನೆ ಮುಗಿದರೆ ಗುಂಡಿ ತೋಡಿ ಕಲಿತ ಯುವಕರ ಗುತ್ತಿಗೆಯೂ ಮುಗಿಯುತ್ತದೆ. ಅವರ ಅನುಭವ ಊರಿನಲ್ಲಿ ಉಳಿಯುವುದಿಲ್ಲ.

ಉಪಗ್ರಹ, ಹಣ, ಸಮೀಕ್ಷೆ ಮೂರೂ ಒದಗಿಬಂದಿರುವಾಗ ಉಳಿದಿರುವುದು ಕೊನೆಯ ಮೈಲಿ. ಕಡಗಂಚಿಯ ತರಗತಿಗೂ ನರೋಣಾದ ರೈತ ಸಂಪರ್ಕ ಕೇಂದ್ರಕ್ಕೂ ನಡುವಿನ ದಾರಿ ಅದು. ಹಳ್ಳಿಯ ಪ್ರೌಢಶಾಲೆಯ ಮಕ್ಕಳು ತಮ್ಮದೇ ಊರಿನ ನಕಾಶೆಯನ್ನು ಕನ್ನಡದಲ್ಲಿ ಓದುವಂತಾದರೆ, ಪಂಚಾಯಿತಿಯ ಗೋಡೆಯ ಮೇಲೆ ಅದು ಎಲ್ಲರಿಗೂ ಕಾಣುವಂತಾದರೆ, ತಪ್ಪಿದ್ದ ಕಡೆ ಹಿರಿಯನೊಬ್ಬ ಬೆರಳಿಟ್ಟು ‘ಇಲ್ಲಿ ಹಳ್ಳ ಈ ಕಡೆ ಹೊರಳ್ತದ’ ಎಂದು ತಿದ್ದಬಲ್ಲ. ಮರ್ತೂರಿನ ಪಂಡಿತ ಗಡಿಯ ಸಾಕ್ಷಿಗೆ ದನ ಕಾಯುವವನನ್ನೂ ಹಿರಿಯರ ಸಾಲಿನಲ್ಲಿ ಕೂರಿಸಿದ್ದ. ಆ ಸಾಲಿಗೆ ಈಗ ಉಪಗ್ರಹವೂ ಬಂದು ಕುಳಿತಿದೆ. ಅದಕ್ಕೆ ಜಾಗ ಕೊಡುವ ಭರದಲ್ಲಿ ಮೊದಲಿದ್ದವರು ಎದ್ದು ಹೋಗಬೇಕಾಗಿಲ್ಲ.